ಸೇಡು, ಸರ್ಕಾರ ಮತ್ತು ಖುದಾಯಿ ಖಿದ್ಮತ್‌ಗಾರರು

1867ರ ಏಪ್ರಿಲ್ ತಿಂಗಳಲ್ಲಿ ಪೇಶಾವರದಲ್ಲಿ ಶೇರ್ ಅಲಿ ಅಫ್ರೀದಿ ಎಂಬ ಪಠಾಣನಿಗೆ ಬ್ರಿಟಿಷ್ ಆಡಳಿತ ಮರಣದಂಡನೆ ವಿಧಿಸಿತು. ಅವನು ಕಳ್ಳನಲ್ಲ, ದರೋಡೆಕೋರನಲ್ಲ. ಬ್ರಿಟಿಷರ ಸೇವೆಯಲ್ಲೇ ಇದ್ದವನು. ಪೇಶಾವರದ ಕಮಿಷನರರ ಬಳಿ ಸವಾರನಾಗಿ ದುಡಿದು ಅಧಿಕಾರಿಗಳ ವಿಶ್ವಾಸ ಗಳಿಸಿದ್ದವನು. ಮನೆತನಗಳ ನಡುವಿನ ಹಳೆಯ ಹಗೆಯಲ್ಲಿ ತನ್ನ ವೈರಿಯನ್ನು ಪೇಶಾವರದ ನೆಲದಲ್ಲಿ ಕೊಂದದ್ದು ಅವನ ಮೇಲಿದ್ದ ಆರೋಪ. ಮುಂದೆ ಆ ಶಿಕ್ಷೆ ಅಂಡಮಾನಿನ ಗಡೀಪಾರಾಗಿ ಬದಲಾಯಿತು. ಸಾಯಲು ಅವನಿಗೆ ಅಂಜಿಕೆಯಿರಲಿಲ್ಲ. ತನ್ನನ್ನು ಅಪರಾಧಿಯೆಂದು ಕರೆದದ್ದನ್ನು ಮಾತ್ರ ಅವನಿಂದ ಒಪ್ಪಿಕೊಳ್ಳಲಾಗಲಿಲ್ಲ. ವಂಶದ ವೈರಿಯನ್ನು ಕೊಲ್ಲುವುದು ಅವನ ಕಣ್ಣಿಗೆ ಅಪರಾಧವಲ್ಲ, ತೀರಿಸಲೇಬೇಕಾದ ಸಾಲ. ಆ ಕುದಿಯನ್ನು ಐದು ವರ್ಷ ಒಳಗಿಟ್ಟುಕೊಂಡಿದ್ದ ಶೇರ್ ಅಲಿ 1872ರ ಫೆಬ್ರವರಿ 8ರ ಸಂಜೆ ಅಂಡಮಾನಿಗೆ ಭೇಟಿ ನೀಡಿದ್ದ ವೈಸರಾಯ್ ಲಾರ್ಡ್ ಮೇಯೋರನ್ನು ಚೂರಿಯಿಂದ ಇರಿದು ಕೊಂದನು. ಮಾರ್ಚ್ 11ರಂದು ವೈಪರ್ ದ್ವೀಪದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಸಾಮಾನ್ಯವಾಗಿ ಈ ಘಟನೆಯನ್ನು ವೈಸರಾಯರ ಹತ್ಯೆಯ ಕಥೆಯಾಗಿ ಹೇಳಲಾಗುತ್ತದೆ. ನಮ್ಮನ್ನು ತಡೆದು ನಿಲ್ಲಿಸಬೇಕಾದದ್ದು ಅದರ ಮೊದಲ ಭಾಗ. ಒಂದೇ ಕೃತ್ಯವನ್ನು ಸರ್ಕಾರ ಕೊಲೆಯೆಂದು ಕರೆಯುತ್ತದೆ, ಹುಟ್ಟಿದ ಊರು ಕರ್ತವ್ಯವೆಂದು ಕರೆಯುತ್ತದೆ. ಇವೆರಡರ ನಡುವೆ ನಿಂತ ಮನುಷ್ಯ ಯಾರ ಮಾತನ್ನು ಕೇಳುತ್ತಾನೆ? ವಾಯವ್ಯ ಗಡಿನಾಡಿನ ಸುಮಾರು ಎಂಬತ್ತು ವರ್ಷಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದನ್ನು ಸರ್ಕಾರ ಕೊಟ್ಟಿತು. ಇನ್ನೊಂದನ್ನು ಅದೇ ಪಠಾಣರ ಮಧ್ಯದಿಂದ ಎದ್ದುಬಂದ ಒಬ್ಬ ಶಾಲಾ ಸ್ಥಾಪಕ ಕೊಟ್ಟನು.

ಪಠಾಣರ ಸಂಪ್ರದಾಯವನ್ನು 'ಪಖ್ತೂನ್‌ವಲಿ' ಎನ್ನುತ್ತಾರೆ. ಅತಿಥಿಗೆ ಅನ್ನ ನೀಡುವುದು, ಶರಣು ಬಂದವನನ್ನು ಶತ್ರುವಾದರೂ ಕಾಪಾಡುವುದು, ಕೊಟ್ಟ ಮಾತಿಗೆ ತಪ್ಪದಿರುವುದು ಇವೆಲ್ಲ ಅದರಲ್ಲಿವೆ. ಇವುಗಳ ಜೊತೆಗೇ 'ಬದಲ್' ಕೂಡ ಇದೆ. ಬದಲ್ ಎಂದರೆ ಬದಲಿಗೆ ಬದಲು, ಉಪಕಾರಕ್ಕೆ ಉಪಕಾರ, ರಕ್ತಕ್ಕೆ ರಕ್ತ. ಹೊರಗಿನವರು ಈ ಸೇಡನ್ನು ಪಠಾಣರ ರಕ್ತದ ಗುಣವೆಂದು ಬಗೆದರು. ಒಳಗೆ ಇಣುಕಿದರೆ ಬೇರೊಂದು ಸಂಗತಿ ಕಾಣುತ್ತದೆ. ಪಶ್ತೋ ಭಾಷೆಯಲ್ಲಿ 'ಪೇಘೋರ್' ಎಂಬ ಪದವಿದೆ. ಮೂದಲಿಕೆ, ಹಂಗಿಸುವಿಕೆ ಎಂದು ಅದರ ಅರ್ಥ. ತಂದೆಯನ್ನು ಕೊಂದವನು ಊರಲ್ಲಿ ತಲೆಯೆತ್ತಿ ನಡೆಯುತ್ತಿರುವಾಗ ಮಗ ಸುಮ್ಮನಿದ್ದರೆ ಮನೆಯ ಮುದುಕಿ ಹಂಗಿಸುತ್ತಾಳೆ, 'ಹುಜ್ರಾ'ದಲ್ಲಿ ಕುಳಿತ ಗೆಳೆಯರು ನಗುತ್ತಾರೆ, ಹೆಣ್ಣು ಕೊಡುವವರು ಹಿಂಜರಿಯುತ್ತಾರೆ. ಹುಜ್ರಾ ಎಂದರೆ ಊರ ಗಂಡಸರು ಸೇರುವ, ಅತಿಥಿಗಳು ತಂಗುವ ಚಾವಡಿ. ಕೊಲ್ಲುವ ಮನಸ್ಸೇ ಇಲ್ಲದವನ ಕೈಗೂ ಕೋವಿ ಕೊಟ್ಟು ಕಳುಹಿಸುತ್ತಿದ್ದುದು ಈ ಮೂದಲಿಕೆ. ಸೇಡಿನ ಕೊಲೆಗಳಲ್ಲಿ ಎಷ್ಟೋ ಕೊಲೆಗಳು ಕೋಪದಿಂದಲ್ಲ, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಯಿಂದ ನಡೆದವು ಎನ್ನುವುದು ನನ್ನ ತಿಳಿವಳಿಕೆ.

ಇನ್ನೊಂದು ಪದ 'ತರ್ಬೂರ್'. ಚಿಕ್ಕಪ್ಪ, ದೊಡ್ಡಪ್ಪಂದಿರ ಮಗನಿಗೆ ಪಶ್ತೋದಲ್ಲಿ ಹೀಗೆನ್ನುತ್ತಾರೆ. ಅದೇ ಪದಕ್ಕೆ ಪ್ರತಿಸ್ಪರ್ಧಿ, ವೈರಿ ಎಂಬ ಅರ್ಥವೂ ಇದೆ. ಅಜ್ಜನ ಜಮೀನನ್ನು ಹಂಚಿಕೊಳ್ಳುವವರು ಅವರೇ ತಾನೆ? 'ದಾಯಾದಿ' ಎಂಬ ನಮ್ಮ ಕನ್ನಡದ ಪದವೂ ಇದೇ ಹಾದಿಯಲ್ಲಿ ನಡೆದು ಬಂದದ್ದು. ಆದ್ದರಿಂದ ಇದು ಯಾವುದೋ ದೂರದ ಕಾಡು ಜನರ ವಿಚಿತ್ರ ಪದ್ಧತಿಯೆಂದು ನಾವು ಹುಬ್ಬೇರಿಸಬೇಕಾಗಿಲ್ಲ.

ಇವರೆಲ್ಲ ಶತಮಾನಗಳಿಂದ ಮುಸಲ್ಮಾನರು. ವಿದಾಯ ಹಜ್ಜ್‌ನ ಪ್ರವಚನದಲ್ಲಿ ಪ್ರವಾದಿ(ಸ)ರವರು ಅಜ್ಞಾನ ಕಾಲದ ರಕ್ತಸೇಡುಗಳನ್ನೆಲ್ಲ ರದ್ದುಗೊಳಿಸಿದ್ದರು. ಮೊದಲು ಕೈಬಿಟ್ಟದ್ದು ತಮ್ಮದೇ ಕುಟುಂಬಕ್ಕೆ ಸೇರಿದ ರಬೀಅ ಬಿನ್ ಹಾರಿಸ್‌ರ ಮಗನ ರಕ್ತದ ಹಕ್ಕನ್ನು. ಇದು ಗಡಿನಾಡಿನ ಪ್ರತಿ ಮಸೀದಿಯ ಮಿಂಬರಿನಿಂದ ಕೇಳಿಬರುತ್ತಿದ್ದ ವಿಷಯವೇ. ಆದರೂ ರಿವಾಜು ಗೆಲ್ಲುತ್ತಿತ್ತು. ಏಕೆಂದರೆ ಮಿಂಬರಿನ ಮಾತು ವಾರಕ್ಕೊಮ್ಮೆ, ಹುಜ್ರಾದ ಮಾತು ಪ್ರತಿ ಸಂಜೆ.

1849ರಲ್ಲಿ ಪಂಜಾಬಿನೊಂದಿಗೆ ಪೇಶಾವರವನ್ನೂ ವಶಪಡಿಸಿಕೊಂಡ ಬ್ರಿಟಿಷರು ಬಹುಬೇಗ ಒಂದು ತೀರ್ಮಾನಕ್ಕೆ ಬಂದರು: ಈ ಜನ ಸ್ವಭಾವತಃ ಕೊಲೆಗಡುಕರು, ಇವರಿಗೆ ಸಾಮಾನ್ಯ ಕಾನೂನು ಸಾಲದು. ಶೇರ್ ಅಲಿಗೆ ಶಿಕ್ಷೆಯಾದ ಅದೇ 1867ರಲ್ಲಿ ಗಡಿನಾಡಿಗಾಗಿ ವಿಶೇಷ ಕಾನೂನೊಂದು ಜಾರಿಗೆ ಬಂತು. 'ಮತಾಂಧ'ನೆಂದು ಹೆಸರಿಟ್ಟು ಯಾರನ್ನಾದರೂ ತ್ವರಿತ ವಿಚಾರಣೆಯಲ್ಲಿ ಗಲ್ಲಿಗೇರಿಸಬಹುದಾಗಿತ್ತು. ಶವವನ್ನು ಏನು ಮಾಡಬೇಕೆಂಬುದನ್ನೂ ಅಧಿಕಾರಿಯೇ ನಿರ್ಧರಿಸುತ್ತಿದ್ದನು. ಮುಸಲ್ಮಾನರನ್ನು ಬೆದರಿಸುವುದಕ್ಕಾಗಿಯೇ ಶವಗಳನ್ನು ಸುಡಲಾಗುತ್ತಿತ್ತು. ಬಳಿಕ ಬಂದದ್ದು ಗಡಿ ಅಪರಾಧ ಕಟ್ಟಳೆ. 1872ರಲ್ಲಿ ಮೊದಲ ರೂಪ, 1887ರಲ್ಲಿ ಎರಡನೆಯದು, ವಾಯವ್ಯ ಗಡಿ ಪ್ರಾಂತ ರಚನೆಯಾದ 1901ರಲ್ಲಿ ಮೂರನೆಯದು ಮತ್ತು ಅತ್ಯಂತ ಬಿಗಿಯಾದದ್ದು.

ಈ ಕಟ್ಟಳೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಾಕ್ಷಿ ಹೇಳಲು ಯಾರೂ ಮುಂದೆ ಬರುವುದಿಲ್ಲ, ಹೀಗಾಗಿ ಕೊಲೆಗಾರರಿಗೆ ಶಿಕ್ಷೆಯಾಗುವುದಿಲ್ಲ ಎಂಬುದು ಸರ್ಕಾರದ ದೂರು. ದೂರು ಸುಳ್ಳಲ್ಲ. ಆದರೆ ಪರಿಹಾರ ಹೇಗಿತ್ತು ನೋಡಿ. ಮೊಕದ್ದಮೆಯನ್ನು ನ್ಯಾಯಾಲಯದಿಂದ ತೆಗೆದು, ಡೆಪ್ಯುಟಿ ಕಮಿಷನರ್ ತಾನೇ ಆರಿಸಿದ ಹಿರಿಯರ ಜಿರ್ಗಾಕ್ಕೆ ಒಪ್ಪಿಸಬಹುದು. ಜಿರ್ಗಾ ಎಂದರೆ ಪಠಾಣರ ಪಂಚಾಯಿತಿ. ಹಿಂದೆ ಅದಕ್ಕೆ ಬರುವವರನ್ನು ಊರೇ ಒಪ್ಪಿರುತ್ತಿತ್ತು, ಈಗ ಸಾಹೇಬರ ಕೃಪೆಯಲ್ಲಿರುವ ಖಾನರು ಬಂದು ಕುಳಿತರು. ಅಲ್ಲಿ ವಕೀಲನಿಲ್ಲ, ಸಾಕ್ಷ್ಯ ಕಾನೂನಿಲ್ಲ, ಮೇಲ್ಮನವಿಯಿಲ್ಲ. ಹದಿನಾಲ್ಕು ವರ್ಷದವರೆಗೆ ಸೆರೆವಾಸ ಮಾತ್ರ ಇತ್ತು. ಊರ ಎಲ್ಲೆಯಲ್ಲಿ ಹೆಣ ಬಿದ್ದರೆ ಇಡೀ ಊರಿಗೆ ದಂಡ. ಒಬ್ಬನ ತಪ್ಪಿಗೆ ಬುಡಕಟ್ಟಿನ ಯಾರನ್ನಾದರೂ ಹಿಡಿದು ಕೂಡಿಹಾಕಬಹುದು, ಅವರ ದನಕರು ಜಪ್ತಿ ಮಾಡಬಹುದು. ಸರ್ಕಾರದ ಲಿಖಿತ ಅನುಮತಿಯಿಲ್ಲದೆ ಹೊಸ ಹುಜ್ರಾ ಕಟ್ಟಿಕೊಳ್ಳುವಂತಿರಲಿಲ್ಲ! ನಡತೆಯ ಬಗ್ಗೆ ಜಾಮೀನು ಬರೆದುಕೊಡದವನನ್ನು 40ನೆಯ ಕಲಮಿನಡಿ ಮೂರು ವರ್ಷ ಸೆರೆಗೆ ತಳ್ಳಬಹುದಿತ್ತು.

ಇದರಿಂದ ಆದದ್ದೇನು? ಕೊಲೆ ಎಂಬುದು ವ್ಯಕ್ತಿಯ ಪಾಪವಲ್ಲ, ಕುಲದ ವ್ಯವಹಾರ ಎಂಬ ಹಳೆಯ ನಂಬಿಕೆಗೆ ಸರ್ಕಾರವೇ ಮುದ್ರೆಯೊತ್ತಿತು. ಕುಲಕ್ಕೆ ಕುಲವೇ ಹೊಣೆಯಾದಾಗ ಸೇಡು ತೀರಿಸಿಕೊಳ್ಳುವವನೂ ಅದೇ ಲೆಕ್ಕಾಚಾರ ಹಿಡಿದನು. ಕೊಂದವನು ಸಿಗದಿದ್ದರೆ ಅವನ ಅಣ್ಣ ಸಾಕು. ನ್ಯಾಯಾಲಯದಲ್ಲಿ ನ್ಯಾಯ ಸಿಗದೆಂದು ಬಲ್ಲವನು ಕೋವಿಯನ್ನೇ ನ್ಯಾಯಾಲಯ ಮಾಡಿಕೊಂಡನು. ಇನ್ನು ಕೆಲವರು ಕಾನೂನನ್ನೇ ಕೋವಿ ಮಾಡಿಕೊಂಡರು: ವೈರಿಯ ಹೆಸರನ್ನು ಅಧಿಕಾರಿಯ ಕಿವಿಗೆ ಹಾಕಿದರೆ ಸಾಕಿತ್ತು. ಸರ್ಕಾರದ ಭತ್ಯೆಗೂ ಜಮೀನಿಗೂ ಖಾನರ ನಡುವೆ ಪೈಪೋಟಿ ಹುಟ್ಟಿ ತರ್ಬೂರರ ಜಗಳ ಇನ್ನಷ್ಟು ಬೆಳೆಯಿತು. ಕೊಂದವನಿಗೆ ಕೆಲವೇ ಮೈಲಿ ದೂರದಲ್ಲಿ ಬ್ರಿಟಿಷ್ ಪೊಲೀಸರು ಕಾಲಿಡದ ಬುಡಕಟ್ಟು ಪ್ರದೇಶ ಇದ್ದೇ ಇತ್ತು. ದರ್ರಾ ಆದಂ ಖೇಲ್‌ನ ಕಮ್ಮಾರರು ವಿಲಾಯತಿ ಬಂದೂಕುಗಳನ್ನು ಕಂಡು ಅಂಥವೇ ಮಾಡಿ ಮಾರುತ್ತಿದ್ದರು. ಹಿಂದೆ ಕತ್ತಿಯ ಗಾಯದಲ್ಲಿ ಮುಗಿಯುತ್ತಿದ್ದ ಜಗಳ ಈಗ ದೂರದಿಂದ ಹಾರಿಬಂದ ಗುಂಡಿನಲ್ಲಿ ಮುಗಿಯತೊಡಗಿತು.

ಪೊಲೀಸು ಇಲ್ಲದಿರುವುದು ಒಂದು ಕೇಡು. ಪೊಲೀಸನು ಬಂದು ನಿಮ್ಮನ್ನು ಹುಟ್ಟಾ ಅಪರಾಧಿಯೆಂದು ನೋಡುವುದು ಇನ್ನೊಂದು ಕೇಡು. ಗಡಿನಾಡು ಎರಡನ್ನೂ ಒಟ್ಟಿಗೆ ಅನುಭವಿಸಿತು. ಅಲ್ಲಿ ವರ್ಷಾನುಗಟ್ಟಲೆ ಸೇವೆ ಮಾಡಿದ, ಜನರ ಪ್ರೀತಿ ಗಳಿಸಿದ್ದ ಬನ್ನುವಿನ ವೈದ್ಯ ಪೆನ್ನೆಲ್ 1909ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೂ ಇವರು 'ಕಾಡು ಬುಡಕಟ್ಟು'ಗಳೇ. ಪ್ರೀತಿಸುವವರ ನೋಟವೇ ಹೀಗಿದ್ದ ಮೇಲೆ ಠಾಣೆದಾರನ ನೋಟವನ್ನು ಕೇಳುವುದೇ ಬೇಡ.

ಇಂಥ ನೆಲದಲ್ಲಿ, ಪೇಶಾವರ ಜಿಲ್ಲೆಯ ಉತ್ಮಾನ್‌ಝೈ ಎಂಬ ಹಳ್ಳಿಯಲ್ಲಿ, 1890ರ ಆಸುಪಾಸಿನಲ್ಲಿ ಅಬ್ದುಲ್ ಗಫ್ಫಾರ್ ಖಾನ್ ಹುಟ್ಟಿದರು. ತಂದೆ ಬೆಹ್ರಾಮ್ ಖಾನ್ ಹಳ್ಳಿಯ ದೊಡ್ಡ ಜಮೀನುದಾರರು. ಅವರ ಹೆಸರು ಉಳಿದದ್ದು ಜಮೀನಿನಿಂದಲ್ಲ. ತಮ್ಮ ವೈರಿಗಳನ್ನು ಕ್ಷಮಿಸಿ, ಮಕ್ಕಳಿಗೆ ಯಾವ ಹಗೆಯನ್ನೂ ಆಸ್ತಿಯಾಗಿ ಬಿಟ್ಟುಹೋಗದ ಖಾನ್ ಎಂಬುದರಿಂದ. ಆ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಕ್ಷಮಿಸಿಯೂ ಮರ್ಯಾದೆಯಿಂದ ಬದುಕಬಹುದೆಂಬುದನ್ನು ಮಗ ಓದಿ ತಿಳಿಯಬೇಕಾಗಿರಲಿಲ್ಲ, ಮನೆಯಲ್ಲೇ ನೋಡಿದ್ದನು.

1910ರಲ್ಲಿ ಗಫ್ಫಾರ್ ಖಾನರು ಶಾಲೆ ತೆರೆಯುವ ಕೆಲಸಕ್ಕೆ ಇಳಿದರು. ಜೊತೆಗಿದ್ದವರು ತುರಂಗ್‌ಝೈಯ ಹಾಜಿ ಸಾಹೇಬರು. 1915ರಲ್ಲಿ ಹಾಜಿ ಸಾಹೇಬರು ಗಡಿಯಾಚೆಗೆ ಹೋಗಿ ಸಶಸ್ತ್ರ ಹೋರಾಟದ ದಾರಿ ಹಿಡಿದರು. ಗಫ್ಫಾರ್ ಖಾನರು ಊರೂರು ಅಲೆಯುತ್ತ ಉಳಿದರು. 1921ರಲ್ಲಿ ಪಠಾಣರ ಸುಧಾರಣೆಗಾಗಿ ಅಂಜುಮನ್ ಒಂದನ್ನು ಸ್ಥಾಪಿಸಿ ಉತ್ಮಾನ್‌ಝೈಯಲ್ಲಿ ಆಝಾದ್ ಶಾಲೆ ಆರಂಭಿಸಿದರು. ಮಕ್ಕಳಿಗೆ ಪಾಠ ಹೇಳುವುದನ್ನು ನಿಲ್ಲಿಸುವಂತೆ ಸರ್ಕಾರ ಕೇಳಿತು, ಅವರು ಒಪ್ಪಲಿಲ್ಲ. ಜಾಮೀನು ಕೇಳಿತು, ಬರೆದುಕೊಡಲಿಲ್ಲ. ಕೊಲೆಗಡುಕರನ್ನು ಹತೋಟಿಯಲ್ಲಿಡಲೆಂದು ಮಾಡಿದ ಕಟ್ಟಳೆಯ ಅದೇ 40ನೆಯ ಕಲಮಿನಡಿ ಮೂರು ವರ್ಷ ಕಠಿಣ ಸೆರೆವಾಸ. ಹಗೆ ಬಿಡಿರೆಂದು ಬೋಧಿಸುವವನನ್ನು ಹಗೆಗಾರರ ಕಾನೂನಿನಲ್ಲಿ ಹಿಡಿದರು.

1929ರ ನವೆಂಬರಿನಲ್ಲಿ ಖುದಾಯಿ ಖಿದ್ಮತ್‌ಗಾರ್ ಸಂಘಟನೆ ಹುಟ್ಟಿತು. ದೇವನಿಗೆ ಯಾರ ಸೇವೆಯ ಅಗತ್ಯವೂ ಇಲ್ಲವಾದ್ದರಿಂದ ಅವನ ಸೃಷ್ಟಿಗಳ ಸೇವೆಯೇ ಅವನ ಸೇವೆಯೆಂದು ಆ ಹೆಸರಿನ ತಾತ್ಪರ್ಯ. ಸೇರುವವನು ಪ್ರತಿಜ್ಞೆ ಮಾಡಬೇಕಿತ್ತು. ಹಿಂಸೆಗೆ ಇಳಿಯುವುದಿಲ್ಲ, ಸೇಡು ತೀರಿಸಿಕೊಳ್ಳುವುದಿಲ್ಲ, ನನಗೆ ಅನ್ಯಾಯ ಮಾಡಿದವನನ್ನು ಕ್ಷಮಿಸುತ್ತೇನೆ, ಪಂಗಡಗಳ ಕಾದಾಟದಲ್ಲಿ ಪಾಲ್ಗೊಳ್ಳುವುದಿಲ್ಲ, ದಿನಕ್ಕೆ ಎರಡು ತಾಸಾದರೂ ಸಮಾಜದ ಕೆಲಸ ಮಾಡುತ್ತೇನೆ ಎಂಬುದು ಅದರ ಸಾರ.

ಇಲ್ಲಿ ಗಫ್ಫಾರ್ ಖಾನರ ಜಾಣ್ಮೆಯನ್ನು ಗಮನಿಸಬೇಕು. ಅವರು ಪಠಾಣನಿಗೆ 'ನಿನ್ನ ಮಾನದ ಚಿಂತೆ ಬಿಟ್ಟುಬಿಡು' ಎನ್ನಲಿಲ್ಲ. ಹಾಗೆಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮಾತಿಗೆ ತಪ್ಪುವುದು ಪಠಾಣನಿಗೆ ಸಾವಿಗಿಂತ ಹೀನ. ಆ ಮಾತನ್ನೇ ಸಹನೆಯ ಕಡೆಗೆ ತಿರುಗಿಸಿದರು. ಪ್ರತಿಜ್ಞೆ ಮಾಡಿದವನು ಕೈ ಎತ್ತಿದರೆ ಈಗ ಅವನಿಗೇ ಪೇಘೋರ್! ನಿನ್ನೆಯವರೆಗೆ ಕೊಲ್ಲದವನನ್ನು ಹಂಗಿಸುತ್ತಿದ್ದ ಊರು ಇಂದು ಕೊಟ್ಟ ಮಾತು ಮುರಿದವನನ್ನು ಹಂಗಿಸುವಂತಾಯಿತು. ಇದನ್ನು ಯಾರಿಂದಲೋ ಎರವಲು ತಂದ ತತ್ತ್ವವೆಂದೂ ಅವರು ಹೇಳಲಿಲ್ಲ. ಮಕ್ಕಾದ ಹದಿಮೂರು ವರ್ಷಗಳಲ್ಲಿ ಪ್ರವಾದಿ(ಸ)ರವರೂ ಸಂಗಾತಿಗಳೂ ಹೊಡೆತ ತಿಂದು ತಿರುಗಿ ಹೊಡೆಯದೆ ನಿಂತದ್ದನ್ನು ನೆನಪಿಸಿದರು, ಅದಕ್ಕೆ ಸಬ್ರ್ ಎಂದು ಹೆಸರಿದೆಯೆಂದರು. ಗಾಂಧೀಜಿಯವರೊಡನೆ ಅವರಿಗೆ ಆಳವಾದ ಒಡನಾಟವಿತ್ತು, ಅದನ್ನವರು ಎಂದೂ ಮುಚ್ಚಿಡಲಿಲ್ಲ. ಆದರೆ ಉತ್ಮಾನ್‌ಝೈಯ ರೈತನಿಗೆ ಅರ್ಥವಾದದ್ದು ಬಿಲಾಲ್(ರ)ರ ಎದೆಯ ಮೇಲಿನ ಬಂಡೆ.

ಬರಿಯ ಉಪದೇಶ ಸಾಲದೆಂಬುದೂ ಅವರಿಗೆ ತಿಳಿದಿತ್ತು. ಸಂಘಟನೆಯಲ್ಲಿ ಸಮವಸ್ತ್ರ, ಕವಾಯತು, ದಳಗಳು, 'ಜರ್ನೈಲ್' ಎಂಬ ಹುದ್ದೆ ಎಲ್ಲವೂ ಇದ್ದವು, ಕೋವಿಯೊಂದು ಇರಲಿಲ್ಲ. ಬಿಳಿಯ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಚರ್ಮ ಹದ ಮಾಡುವವರ ಬಣ್ಣದಲ್ಲಿ ಅದ್ದಿ ಇಟ್ಟಿಗೆಗೆಂಪು ಮಾಡಿಕೊಂಡರು. ಶಿಬಿರಗಳಲ್ಲಿ ಖಾನನ ಮಗನೂ ಕಸ ಗುಡಿಸಿದನು, ನೂಲು ತೆಗೆದನು. ಹಳ್ಳಿಗಳಲ್ಲಿ ಹಳೆಯ ಹಗೆಗಳನ್ನು ಕೂರಿಸಿ ಮಾತಾಡಿ ಬಗೆಹರಿಸುವುದು ಖಿದ್ಮತ್‌ಗಾರರ ದೊಡ್ಡ ಕೆಲಸವಾಯಿತು. ಒಬ್ಬನೇ ಸೇಡು ಬಿಟ್ಟರೆ ಅವನು ಹೇಡಿ, ಎರಡೂ ಕಡೆಯವರು ಒಂದೇ ಅಂಗಿ ತೊಟ್ಟು ಬಿಟ್ಟರೆ ಅದು ಶೌರ್ಯ.

1930ರ ಏಪ್ರಿಲ್ 23ರಂದು ಗಫ್ಫಾರ್ ಖಾನರನ್ನೂ ಪೇಶಾವರದ ನಾಯಕರನ್ನೂ ಬಂಧಿಸಲಾಯಿತು. ಕಿಸ್ಸಾ ಖ್ವಾನಿ ಬಜಾರಿನಲ್ಲಿ ಜನ ಸೇರಿದರು. ಶಸ್ತ್ರಸಜ್ಜಿತ ಮೋಟಾರುಗಳು ಗುಂಪಿನ ಮೇಲೆಯೇ ನುಗ್ಗಿದವು. ಒಂದು ಮೋಟಾರಿಗೆ ಬೆಂಕಿ ಬಿತ್ತು, ಒಬ್ಬ ಬ್ರಿಟಿಷ್ ಸವಾರ ಸತ್ತನು. ಆ ಗುಂಪಿನಲ್ಲಿದ್ದವರೆಲ್ಲರೂ ಪ್ರತಿಜ್ಞೆ ಮಾಡಿದವರಾಗಿರಲಿಲ್ಲ. ಬಳಿಕ ಗುಂಡು ಹಾರಿಸಲು ಆಜ್ಞೆಯಾಯಿತು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಸುಮಾರು 30, ಕಾಂಗ್ರೆಸ್ ನೇಮಿಸಿದ ವಿಠಲಭಾಯಿ ಪಟೇಲ್ ಸಮಿತಿಯ ಲೆಕ್ಕದಲ್ಲಿ ನೂರಕ್ಕೂ ಮಿಕ್ಕಿ. ಆ ಸಮಿತಿಯ ವರದಿಯನ್ನೇ ಸರ್ಕಾರ ನಿಷೇಧಿಸಿತು. ನಿರಾಯುಧ ಪಠಾಣರ ಮೇಲೆ ಗುಂಡು ಹಾರಿಸಲು ಗಢವಾಲ್ ರೈಫಲ್ಸ್‌ನ ಸೈನಿಕರು ನಿರಾಕರಿಸಿದರು. ಅವರು ಹಿಂದೂಗಳು, ಎದುರಿಗಿದ್ದವರು ಮುಸಲ್ಮಾನರು. ಅವರ ಮುಂದಾಳು ಚಂದ್ರಸಿಂಗ್ ಗಢವಾಲಿಯವರಿಗೆ ಜೀವಾವಧಿ ಶಿಕ್ಷೆಯಾಯಿತು.

ಅನಂತರ ನಡೆದದ್ದು ನನ್ನ ದೃಷ್ಟಿಯಲ್ಲಿ ಗುಂಡಿನ ದಾಳಿಗಿಂತಲೂ ಹೆಚ್ಚು ಯೋಚನೆಗೆ ಹಚ್ಚುವಂಥದು. ಸರ್ಕಾರ ಸೇನೆಯನ್ನೂ ಪೊಲೀಸರನ್ನೂ ನಗರದಿಂದ ಹಿಂದಕ್ಕೆ ಕರೆಸಿಕೊಂಡಿತು. ಮೇ 4ರಂದು ಸೇನೆ ಮತ್ತೆ ಒಳಬರುವವರೆಗೆ ಪೇಶಾವರ ಜನರ ಕೈಯಲ್ಲಿತ್ತು. ಪ್ರತಿ ಗುಂಡಿಗೂ ಬದಲ್ ಬೇಡುವ ನಾಡು, ಹೆಣಗಳು ಇನ್ನೂ ಹಸಿ, ಕಾವಲಿಗೆ ಒಬ್ಬ ಪೇದೆಯೂ ಇಲ್ಲ. ಅಧಿಕಾರಿಗಳು ಎಂಬತ್ತು ವರ್ಷ ಬರೆದಿಟ್ಟ ವರದಿಗಳು ನಿಜವಾಗಿದ್ದರೆ ನಗರ ಹೊತ್ತಿ ಉರಿಯಬೇಕಿತ್ತು. ಸ್ವಯಂಸೇವಕರೇ ಬೀದಿಗಳಲ್ಲಿ ಗಸ್ತು ತಿರುಗಿ ನಗರವನ್ನು ಕಾದರು.

ಕೆಲವು ಸಾವಿರವೂ ಇಲ್ಲದಿದ್ದ ಖಿದ್ಮತ್‌ಗಾರರು ಮುಂದಿನ ತಿಂಗಳುಗಳಲ್ಲಿ ಹತ್ತಾರು ಸಾವಿರವಾದರು. ಸರ್ಕಾರ ಅವರ ಅಂಗಿಯ ಬಣ್ಣ ನೋಡಿ ರಷ್ಯಾದ ಬೊಲ್ಶೆವಿಕರ ನಂಟು ಕಟ್ಟಿತು. ಮೈಮೇಲಿನ ಬಟ್ಟೆ ಕಿತ್ತು ಹೊಡೆದರು, ಚಳಿಗಾಲದಲ್ಲಿ ಕೊಳಗಳಿಗೆ ತಳ್ಳಿದರು, ಕೂಡಿಟ್ಟ ಧಾನ್ಯವನ್ನು ಹಾಳುಗೆಡವಿದರು. ಪಠಾಣನ ತಾಳ್ಮೆಯನ್ನು ಎಲ್ಲಿ ಚುಚ್ಚಿದರೆ ಮುರಿಯುತ್ತದೆಂದು ಬಲ್ಲವರು ಮಾಡಿದ ಕೆಲಸವಿದು. ಅಹಿಂಸೆಯ ಪಠಾಣನಿಗೆ ಬ್ರಿಟಿಷರು ಕೋವಿ ಹಿಡಿದವನಿಗಿಂತ ಹೆಚ್ಚು ಹೆದರುತ್ತಿದ್ದರೆಂದು ಗಫ್ಫಾರ್ ಖಾನರು ಹೇಳುತ್ತಿದ್ದರು. ಕೋವಿ ಹಿಡಿದವನಿಗಾದರೆ ಅವರ ಬಳಿ ಕಾನೂನು ಸಿದ್ಧವಿತ್ತು.

1990ರ ದಶಕದಲ್ಲಿ ಮುಕುಲಿಕಾ ಬ್ಯಾನರ್ಜಿ ಎಂಬ ವಿದುಷಿ ಬದುಕುಳಿದಿದ್ದ ವೃದ್ಧ ಖಿದ್ಮತ್‌ಗಾರರನ್ನು ಹಳ್ಳಿಹಳ್ಳಿಗೆ ಹೋಗಿ ಮಾತನಾಡಿಸಿ 'ದಿ ಪಠಾಣ್ ಅನ್‌ಆರ್ಮ್ಡ್' ಎಂಬ ಗ್ರಂಥ ಬರೆದರು. ಹಗೆಗಳು ತಣ್ಣಗಾದ ಆ ಕಾಲವನ್ನು ಆ ಮುದುಕರು ತಮ್ಮ ಬಾಳಿನ ಹೆಮ್ಮೆಯೆಂದು ನೆನೆಯುತ್ತಿದ್ದರು. ಇದನ್ನು ಓದುವಾಗ ಚಳವಳಿಯ ಮಿತಿಗಳನ್ನೂ ಮರೆಯಬಾರದು. ಎಲ್ಲ ಪಠಾಣರೂ ಖಿದ್ಮತ್‌ಗಾರರಾಗಲಿಲ್ಲ. ದೊಡ್ಡ ಖಾನರಲ್ಲಿ ಬಹಳ ಮಂದಿ ಸರ್ಕಾರದ ಪಕ್ಷದಲ್ಲೇ ಉಳಿದರು. ಸ್ತ್ರೀಯರ ಬಗ್ಗೆ 'ಪಖ್ತೂನ್' ಪತ್ರಿಕೆ ಬರೆಯಿತು, ಸ್ತ್ರೀಯರೇ ಅದರಲ್ಲಿ ಬರೆದರು, ಆದರೂ ಮಾನದ ಹೆಸರಿನಲ್ಲಿ ಅವರ ಮೇಲೆ ನಡೆಯುವ ಹಿಂಸೆಯನ್ನು ಪ್ರತಿಜ್ಞೆ ನೇರವಾಗಿ ಮುಟ್ಟಲಿಲ್ಲ. ಗಂಡಸು ಗಂಡಸಿನ ಮೇಲಿನ ಸೇಡು ಬಿಡುವುದಕ್ಕಿಂತ ಅದು ಕಷ್ಟದ ಕೆಲಸವಾಗಿತ್ತು, ಇಂದಿಗೂ ಆಗಿದೆ. ನಮ್ಮ ಓಣಿಯ ಜಗಳದಲ್ಲಿ 'ನೀನು ಗಂಡಸಾಗಿದ್ದರೆ' ಎಂದು ಶುರುವಾಗುವ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಪಶ್ತೋ ಪದ ನೆನಪಾಗುತ್ತದೆ.

1947ರ ಬಳಿಕದ ಕಥೆ ನೋವಿನದು. ದೇಶವಿಭಜನೆಯನ್ನು ವಿರೋಧಿಸಿದ್ದ ಗಫ್ಫಾರ್ ಖಾನರನ್ನು ಹೊಸ ಸರ್ಕಾರ ಶತ್ರುವೆಂದು ಕಂಡಿತು. 1948ರ ಜೂನ್‌ನಲ್ಲಿ ಅವರನ್ನು ಬಂಧಿಸಿ ಮೂರು ವರ್ಷ ಸೆರೆಗೆ ಕಳುಹಿಸಿದರು. ಬಳಸಿದ್ದು ಬ್ರಿಟಿಷರು ಬಿಟ್ಟುಹೋದ ಅದೇ ಕಟ್ಟಳೆ, ಅದೇ 40ನೆಯ ಕಲಮು. ಆಗಸ್ಟ್ 12ರಂದು ಚಾರ್‌ಸದ್ದಾದ ಬಾಬ್ರಾದಲ್ಲಿ ಖಿದ್ಮತ್‌ಗಾರರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಂಘಟನೆಯನ್ನು ನಿಷೇಧಿಸಲಾಯಿತು. ಜಗಳ ಬಿಡಿಸುತ್ತಿದ್ದವರು ಸೆರೆಮನೆ ಸೇರಿದರು. ಊರಿಗೆ ಉಳಿದದ್ದು ಹಳೆಯ ಹುಜ್ರಾ, ಹಳೆಯ ಕಾನೂನು.

ಗಫ್ಫಾರ್ ಖಾನರು 1988ರ ಜನವರಿ 20ರಂದು ಪೇಶಾವರದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ದಫನ ನಡೆದದ್ದು ಅಫ್ಘಾನಿಸ್ತಾನದ ಜಲಾಲಾಬಾದಿನಲ್ಲಿ. ಗಡಿ ಅಪರಾಧ ಕಟ್ಟಳೆ ಅವರಿಗಿಂತ ಮೂವತ್ತು ವರ್ಷ ಹೆಚ್ಚು ಬಾಳಿತು. ಪಾಕಿಸ್ತಾನದ ಬುಡಕಟ್ಟು ಪ್ರದೇಶಗಳಲ್ಲಿ ಅದು ರದ್ದಾದದ್ದು 2018ರ ಮೇ ತಿಂಗಳಲ್ಲಿ.